ನಾನು ಕದ್ದ ಚುಕ್ಕಿಗಳು

ದೊಡ್ಡದಾದದ್ದನ್ನು ಯಾರೂ ಯಾಕೆಂದು ಕೇಳುವುದಿಲ್ಲ, ಸಣ್ಣದಾದರೆ ಮಾತ್ರ ಊರೆಲ್ಲ ಕೇಳುತ್ತದೆ. ಹೊಟ್ಟೆ ಬೆಳೆದರೆ "ಭಾಳ ಆರಾಮ ಅದೀರಿ" ಅನ್ನುವ ಜನ, ಎರಡು ಕಿಲೋ ಇಳಿದರೆ "ಮನ್ಯಾಗ ಏನರ ತ್ರಾಸ ಅದ ಏನ್ರಿ?" ಎಂದು ಒಂಥರಾ ನೋಡುತ್ತಾರೆ. ನನ್ನ ನೌಕರಿಯಲ್ಲಿ ಬಹುಪಾಲು ಕೆಲಸ ಕಂಪ್ಯೂಟರಿನೊಳಗಿನ ಕಡತಗಳನ್ನು ಸಣ್ಣದು ಮಾಡುವುದೇ ಆಗಿತ್ತು. ಹಾಗಾಗಿ ಇಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬರುತ್ತಲೇ ಇದ್ದವು.

ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ, ಮದುವೆಯಾಗಿ ಪುಣೆಗೆ ಬಂದವಳು ನಾನು. ತೊಂಬತ್ತರ ದಶಕದ ನಡುವೆ ತಳೇಗಾಂವ ದಾಭಾಡೆಯ ಒಂದು ಕಾರ್ಖಾನೆಯ ತಪಾಸಣೆ ವಿಭಾಗ ಸೇರಿದೆ. ಬೇರಿಂಗಿನೊಳಗೆ ಕೂರುವ ಉಕ್ಕಿನ ಸಣ್ಣ ರೋಲರು ಮಾಡುವ ಕಾರ್ಖಾನೆ ಅದು. ಮನೆ ಬಿಬವೇವಾಡಿಯಲ್ಲಿ, ಗಂಡನಿಗೆ ದೌಂಡದಲ್ಲಿ ರೇಲ್ವೆ ನೌಕರಿ. ಬೆಳಿಗ್ಗೆ ಇಬ್ಬರೂ ಒಂದೇ ರಿಕ್ಷಾದಲ್ಲಿ ಪುಣೆ ಸ್ಟೇಷನ್ನಿಗೆ ಬಂದು, ಅವರು ಆ ಕಡೆಯ ಗಾಡಿ, ನಾನು ಈ ಕಡೆಯ ಲೋಕಲ್ ಹತ್ತುತ್ತಿದ್ದೆವು. ಸಂಸಾರ ಮಾಡುತ್ತಿದ್ದದ್ದು ರಿಕ್ಷಾದಲ್ಲೇ ಅಂದರೂ ಸರಿ.

ನನ್ನದು ತಾತ್ಕಾಲಿಕ ನೌಕರಿ. ಆರು ತಿಂಗಳಿಗೊಮ್ಮೆ ಹೊಸ ಆರ್ಡರು. ಪರ್ಮನೆಂಟ್ ಆಗಬೇಕಾದರೆ ನಮ್ಮ ಸಾಹೇಬರ ಸಹಿ ಬೇಕು. ಆ ಸಹಿಗಾಗಿ ನಾನು ಎಂಟು ವರ್ಷ ಕಾದೆ. ಈ ಎಲ್ಲ ಪ್ರಸಂಗಗಳೂ ಆ ಎಂಟು ವರ್ಷದೊಳಗಿನವು.

೧. ಖಾಲಿ ಜಾಗ

ಸಂಶಯ ನನ್ನ ರಕ್ತದಲ್ಲೇ ಇದೆ. ತರಕಾರಿಯವನು ತಕ್ಕಡಿ ಎತ್ತಿದರೆ ನಾನು ಮುಳ್ಳು ನೋಡುವುದಿಲ್ಲ, ಅವನ ಹೆಬ್ಬೆರಳು ಎಲ್ಲಿದೆ ಎಂದು ನೋಡುತ್ತೇನೆ. ಆದರೆ ನಮ್ಮ ಸಾಹೇಬರ ಮುಂದೆ ನಾನು ಹಾಲುಗೂಸು.

ಸಾಹೇಬರು ತಪಾಸಣೆ ವಿಭಾಗದ ಮುಖ್ಯಸ್ಥರು, ಮೂಲತಃ ಅಥಣಿ ಕಡೆಯವರು. ಹೊಗಳುವಾಗ ಮರಾಠಿ, ಬೈಯುವಾಗ ಕನ್ನಡ. ಬೈದದ್ದು ಉಳಿದವರಿಗೆ ತಿಳಿಯಬಾರದು, ನನ್ನ ಮರ್ಯಾದೆ ಉಳಿಯಲಿ ಎಂಬುದು ಅವರ ಉದ್ದೇಶ. ವಿಭಾಗದಲ್ಲಿ ಅರ್ಧ ಜನ ಸೋಲಾಪುರದ ಕಡೆಯವರು, ಅವರಿಗೆ ನನ್ನಷ್ಟೇ ಚೆನ್ನಾಗಿ ಕನ್ನಡ ಬರುತ್ತಿತ್ತು. ಸಾಹೇಬರು ಕನ್ನಡಕ್ಕೆ ತಿರುಗಿದ ಕೂಡಲೇ ಅವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿ ಕೊಡುತ್ತಿದ್ದರು.

ಕೆಲಸ ಏನೆಂದರೆ, ತಯಾರಾದ ಒಂದೊಂದು ರೋಲರನ್ನೂ ಯಂತ್ರ ಅಳೆಯುತ್ತಿತ್ತು. ನಾನು ಆ ಅಳತೆಗಳಿಂದ ಗ್ರಾಫ್ ತೆಗೆಯುತ್ತಿದ್ದೆ. ದಿನಕ್ಕೊಂದು ಹಾಳೆ. ಹಾಳೆಯಲ್ಲಿ ಮೇಲೊಂದು ಗೆರೆ, ಕೆಳಗೊಂದು ಗೆರೆ. ಒಂದು ರೋಲರಿಗೆ ಒಂದು ಚುಕ್ಕಿ, ಮೊದಲ ಪಾಳಿಯವು ಎಡಕ್ಕೆ, ಕೊನೆಯ ಪಾಳಿಯವು ಬಲಕ್ಕೆ. ಚುಕ್ಕಿ ಎರಡು ಗೆರೆಗಳ ನಡುವೆ ಬಿದ್ದರೆ ಮಾಲು ಸರಿ, ಗೆರೆ ದಾಟಿದರೆ ಕೆಟ್ಟದ್ದು. ತಿಂಗಳ ಹಾಳೆಗಳನ್ನೆಲ್ಲ ಒಟ್ಟು ಮಾಡಿ, ಸಾಹೇಬರ ಸಹಿ ಮಾಡಿಸಿ ಪರದೇಶದ ಗಿರಾಕಿಗೆ ಕಳಿಸಬೇಕು. ಸಹಿ ಬೇಕೆಂದು ಗಿರಾಕಿ ಕೇಳಿರಲಿಲ್ಲ, ಅದು ಸಾಹೇಬರದೇ ನಿಯಮ.

ಸಾಹೇಬರು ಕೊನೆಯ ಹಾಳೆಗೆ ಮಾತ್ರ ಸಹಿ ಮಾಡುತ್ತಿದ್ದರು. ಎಲ್ಲ ಹಾಳೆಗೂ ಯಾಕಿಲ್ಲ ಎಂದು ಒಮ್ಮೆ ಕೇಳಿದೆ.

"ಇಪ್ಪತ್ತೈದು ಸಹಿ ಒಂದ ಕಡೆ ಸಿಕ್ರ ನಕಲು ಮಾಡೋವ್ರಿಗೆ ಸಾಲಿ ತಗದಂಗ ಆಗ್ತದ ಬಾಯಾರ," ಅಂದರು. ಕಾರ್ಖಾನೆಯಲ್ಲಿ ಹೆಣ್ಣುಮಕ್ಕಳನ್ನು ಗೌರವದಿಂದ ಬಾಯಿ, ಬಾಯಾರ ಎಂದೇ ಕರೆಯುತ್ತಿದ್ದರು.

ಆ ಒಂದು ಸಹಿಯನ್ನೂ ಗ್ರಾಫಿನ ಹೊರಗೆ ಮಾಡುತ್ತಿರಲಿಲ್ಲ. ಕೆಳಗಿನ ಗೆರೆಯ ಕೆಳಗೆ, ಬಲಗಡೆ ಮೂಲೆಯಲ್ಲಿ ಯಾವಾಗಲೂ ಖಾಲಿ ಜಾಗ ಉಳಿಯುತ್ತಿತ್ತಲ್ಲ, ಅಲ್ಲಿ. ಖಾಲಿ ಜಾಗ ಕಂಡರೆ ಅವರಿಗೆ ಜೀವ ನಿಲ್ಲುತ್ತಿರಲಿಲ್ಲ. "ಇವತ್ತ ಖಾಲಿ ಬಿಡ್ರಿ, ನಾಳೆ ಯಾರರ ಏನರ ಬರೀತಾರ" ಎನ್ನುವುದು ಅವರ ಮಂತ್ರ. ತೆಳು ನೀಲಿ ಶಾಯಿಯ ಪೆನ್ನಿನಿಂದ ಸರ್ರನೆ ಸಹಿ, ಅದರ ಕೆಳಗೊಂದು ಗೆರೆ, ಗೆರೆಯ ಕೆಳಗೆ ಟಕ್, ಟಕ್ ಎಂದು ಒತ್ತಿ ಇಟ್ಟ ಎರಡು ಚುಕ್ಕಿ. ಹಳೆಯ ಕಾಲದ ಎಷ್ಟೋ ಜನ ಹಾಗೆ ಸಹಿ ಮಾಡುತ್ತಾರೆ, ನಮ್ಮ ಮಾವನವರೂ ಮಾಡುತ್ತಿದ್ದರು.

ಒಂದು ಹೊಸ ವರ್ಷಕ್ಕೆ ನಾವೆಲ್ಲ ಸೇರಿ ಸಾಹೇಬರಿಗೆ ಒಂದು ಶುಭಾಶಯ ಪತ್ರ ಕೊಟ್ಟೆವು. ಬಿಚ್ಚಿ ನೋಡಿದರು. ಒಳಗೆ ಎಡಗಡೆ ಪುಟ ಪೂರ್ತಿ ಖಾಲಿ ಇತ್ತು. ಮೂಲೆಯಿಂದ ಮೂಲೆಗೆ ಅಡ್ಡಗೆರೆ ಹೊಡೆದು, ಸಹಿ ಮಾಡಿ, ನಮಗೇ ವಾಪಸು ಕೊಟ್ಟರು.

೨. ಒಂಬತ್ತು ಹೋಗಿ ಒಂದು

ಸಹಿ ಆದ ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಒಂದು ಕಡತವಾಗಿ ಉಳಿಸುತ್ತಿದ್ದೆ. ಆ ಕಡತ ಎಷ್ಟು ದೊಡ್ಡದೆಂದರೆ ಕತ್ತರಿಸಿ ಒಂಬತ್ತು ಫ್ಲಾಪಿಗೆ ಹಂಚಬೇಕಾಗುತ್ತಿತ್ತು. ಅವನ್ನು ಡಬ್ಬಿಗೆ ಹಾಕಿಕೊಂಡು ನಾನೇ ಲೋಕಲ್‌ನಲ್ಲಿ ಪುಣೆಯ ಮುಖ್ಯ ಕಚೇರಿಗೆ ಒಯ್ಯುತ್ತಿದ್ದೆ. ಅಲ್ಲಿಂದ ಅವು ಕೊರಿಯರಿನಲ್ಲಿ ಪರದೇಶಕ್ಕೆ. ಒಂಬತ್ತರಲ್ಲಿ ಒಂದು ಕೆಟ್ಟರೂ ಉಳಿದ ಎಂಟು ದಂಡ.

ಒಂದು ತಿಂಗಳು ತಲೆ ಕೆಟ್ಟು ಸ್ಕ್ಯಾನರಿನ ಎಲ್ಲ ಗುಂಡಿ ಒತ್ತಿ ನೋಡಿದೆ. ಬಣ್ಣ, ನಸುಗಪ್ಪು, ಬೂದಿ ಎಲ್ಲ ಬಿಟ್ಟು, ಬರೀ ಕಪ್ಪು ಇಲ್ಲವೇ ಬಿಳಿ ಎಂದು ಉಳಿಸಿದರೆ ಕಡತ ಒಂದೇ ಫ್ಲಾಪಿಯಲ್ಲಿ ಹಿಡಿಯಿತು. ಖುಷಿಗೆ ನಾನೇ ಎದ್ದು ಹೋಗಿ ಇನ್ನೊಂದು ಚಹಾ ಕುಡಿದೆ. ಒಂದು ಫ್ಲಾಪಿ ಪರ್ಸಿನಲ್ಲಿ ಹಾಕಿಕೊಂಡು ಗೇಟಿಗೆ ಬಂದೆ.

ಗೇಟಿನಲ್ಲಿ ಒಬ್ಬ ಕಾಕಾ ಇದ್ದರು. ಮಿಲಿಟರಿಯಿಂದ ನಿವೃತ್ತರಾದವರು, ಅಕ್ಕಲಕೋಟ ಕಡೆಯ ಕನ್ನಡದವರು. ಕಾರ್ಖಾನೆಯಿಂದ ಹೊರಗೆ ಹೋಗುವ ಮೊಳೆಗೂ ಅವರ ರಿಜಿಸ್ಟರಿನಲ್ಲಿ ಒಂದು ಸಾಲು ಇತ್ತು. ಹಿಂದಿನ ಹಾಳೆ ತಿರುವಿದರು, ಇನ್ನೊಂದು ತಿರುವಿದರು, ನನ್ನ ಮುಖ ನೋಡಿದರು.

"ತಂಗೆವ್ವಾ, ಉಳದ ಎಂಟು ಎಲ್ಲಿ?"

"ಉಳದದ್ದು ಇಲ್ಲ ಕಾಕಾ. ಒಂದರಾಗ ಎಲ್ಲಾ ಹಿಡಸ್ತು."

"ಒಂಬತ್ತರ ಮಾಲು ಒಂದರಾಗ ಹೆಂಗ ಹಿಡೀತದ?"

"ಸಣ್ಣದು ಮಾಡೀನ್ರಿ."

ಕಾಕಾ ಫ್ಲಾಪಿಯನ್ನು ಅಂಗೈ ಮೇಲಿಟ್ಟು ತೂಗಿ ನೋಡಿದರು. "ವಜ್ಜೆ ಅಷ್ಟ ಅದಲ್ಲ," ಅಂದರು.

ಕಾಕಾ ಫೋನ್ ಮಾಡಿ ಸಾಹೇಬರನ್ನು ಗೇಟಿಗೆ ಕರೆಸಿದರು. ನನಗೆ ಸ್ವಲ್ಪ ಧೈರ್ಯ ಬಂತು. ಅವರು ಕಾಕಾನ ರಿಜಿಸ್ಟರು ನೋಡಿ, ನನ್ನನ್ನು ನೋಡಿ, ಕಾಕಾನ ಕಡೆಗೇ ಹೋಗಿ ನಿಂತರು. ಕೊನೆಗೆ ಇಬ್ಬರೂ ಕೂಡಿ ಒಂದು ತೀರ್ಮಾನಕ್ಕೆ ಬಂದರು. ರಿಜಿಸ್ಟರಿನಲ್ಲಿ ಪ್ರತಿ ತಿಂಗಳು ಒಂಬತ್ತು ಹೋಗುತ್ತವೆ, ಆದ್ದರಿಂದ ಒಂಬತ್ತೇ ಹೋಗಬೇಕು. ಆವತ್ತಿನಿಂದ ನಾನು ಒಂದು ತುಂಬಿದ ಫ್ಲಾಪಿ, ಎಂಟು ಖಾಲಿ ಫ್ಲಾಪಿ ಒಯ್ಯತೊಡಗಿದೆ.

ಮೊದಲ ಸಲ ಒಯ್ದ ಮರುದಿನವೇ ಮುಖ್ಯ ಕಚೇರಿಯಿಂದ ಸಾಹೇಬರಿಗೆ ಫೋನ್ ಬಂತು: ಬಾಯಿ ತಂದ ಒಂಬತ್ತರಲ್ಲಿ ಎಂಟು ಖಾಲಿ ಇವೆ, ಲೋಕಲ್‌ನಲ್ಲಿ ಯಾರೋ ಮಾಹಿತಿ ಕದ್ದಿದ್ದಾರೆ, ಯಾರ ಪಕ್ಕ ಕೂತಿದ್ದರು ವಿಚಾರಿಸಿ.

೩. ಹೊಗಳಿಕೆಯ ಪತ್ರ

ಒಂದು ವರ್ಷ ಕಳೆದಿರಬೇಕು. ಪರದೇಶದ ಗಿರಾಕಿಯಿಂದ ಒಂದು ಪತ್ರ ಬಂತು. ನಿಮ್ಮ ಗ್ರಾಫುಗಳನ್ನು ನಾವು ಗಮನವಿಟ್ಟು ನೋಡುತ್ತೇವೆ, ಇದ್ದದ್ದನ್ನು ಇದ್ದಂತೆ ತೋರಿಸುವ ನಿಮ್ಮ ಪ್ರಾಮಾಣಿಕತೆ ನಮಗೆ ಬಹಳ ಹಿಡಿಸಿದೆ ಎಂದು ಅದರ ತಾತ್ಪರ್ಯ. ಮತ್ತೇನೂ ಇಲ್ಲ.

ಸಾಹೇಬರು ಪತ್ರವನ್ನು ಮೂರು ಸಲ ಓದಿದರು. ಹಿಂದೆ ತಿರುಗಿಸಿ ನೋಡಿದರು. ನನ್ನನ್ನು ಕರೆದು ಬಾಗಿಲು ಹಾಕಿಕೊಳ್ಳಲು ಹೇಳಿದರು.

"ಬಾಯಾರ, ಇದರಾಗ ಏನೋ ಅದ."

"ಹೊಗಳ್ಯಾರಲ್ರಿ ಸಾಹೇಬ್ರ."

"ಅದನ್ನ ಹೇಳಾಕತ್ತೀನಿ. ಸುಮ್ನ ಯಾರು ಹೊಗಳ್ತಾರ? ನನ್ನ ಹೇಣ್ತಿ ಇಪ್ಪತ್ತೆರಡು ವರ್ಷದಾಗ ಒಮ್ಮೆ ಹೊಗಳ್ಯಾಳ, ಮರುದಿನ ಫ್ರಿಜ್ ಬಂತು."

ಅವರ ಮಾತಿನಲ್ಲಿ ಹುರುಳಿದೆ ಎಂದು ನನಗೂ ಅನ್ನಿಸಿತು. ಪ್ರಾಮಾಣಿಕತೆ ಅಂದರೆ ಏನು? ನಮ್ಮ ಚುಕ್ಕಿಗಳೆಲ್ಲ ಎರಡು ಗೆರೆಗಳ ನಡುವೆಯೇ ಇರುತ್ತಿದ್ದವು. ಅದರಲ್ಲಿ ಪ್ರಾಮಾಣಿಕತೆ ತೋರಿಸುವುದಕ್ಕೆ ಜಾಗವೇ ಇರಲಿಲ್ಲ. ತಪ್ಪು ಮಾಡಿದವನಿಗೆ ತಾನೇ ತಪ್ಪು ಒಪ್ಪಿಕೊಳ್ಳುವ ಅವಕಾಶ?

ಸಾಹೇಬರು ಒಂದು ವಾರ ಅದರ ಬೆನ್ನು ಹತ್ತಿದರು. ನಮ್ಮಲ್ಲಿ ಯಾರೋ ಒಳಗಿಂದೊಳಗೆ ಗಿರಾಕಿಗೆ ಪತ್ರ ಬರೆದು ಏನೋ ಒಪ್ಪಿಕೊಂಡಿದ್ದಾರೆ ಎಂದು ಅವರ ಗುಮಾನಿ. ಟಪಾಲಿನ ರಿಜಿಸ್ಟರು ನೋಡಿದರು, ಫೋನಿನ ಬಿಲ್ಲು ನೋಡಿದರು. ಏನೂ ಸಿಗದಾಗ ಗಿರಾಕಿಗೆ ಒಂದು ಉತ್ತರ ಬರೆಸಿದರು. ಉಕ್ತಲೇಖನ ಬರೆದವಳು ನಾನೇ: "ನಿಮ್ಮ ಪತ್ರ ತಲುಪಿತು. ಅದರಲ್ಲಿ ನಮ್ಮ ಮೇಲೆ ಮಾಡಿರುವ ಪ್ರಾಮಾಣಿಕತೆಯ ಆರೋಪವನ್ನು ನಾವು ಒಪ್ಪುವುದಿಲ್ಲ."

೪. ಕುಂಕುಮದ ಲೆಕ್ಕ

ಹೊಸ ಶತಮಾನ ಬಂತು, ಜೊತೆಗೆ ಈಮೇಲ್ ಬಂತು. ಇನ್ನು ಫ್ಲಾಪಿ ಬೇಡ, ಕಾರ್ಖಾನೆಯಿಂದಲೇ ಕಳಿಸಿ ಎಂದು ಮುಖ್ಯ ಕಚೇರಿ ಹೇಳಿತು. ಗೇಟಿನ ಕಾಕಾಗೆ ಮಾಲು ಗೇಟನ್ನೇ ಮುಟ್ಟದೆ ಹೊರಗೆ ಹೋಗುವುದು ಸ್ವಲ್ಪವೂ ಸೇರಲಿಲ್ಲ. ನಾನು ಕಳಿಸುವ ದಿನ ಅವರು ಟೆಲಿಫೋನಿನ ತಂತಿಯ ಕೆಳಗೆ ನಿಂತು ಮೇಲೆ ನೋಡುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ.

ಆದರೆ ಆ ಫೋನ್ ಲೈನಿನಲ್ಲಿ ಒಂದು ಫ್ಲಾಪಿಯಷ್ಟು ಕಡತವೂ ನೆಟ್ಟಗೆ ಹೋಗುತ್ತಿರಲಿಲ್ಲ. ಮುಕ್ಕಾಲು ಹೋಗಿ ಲೈನು ಕಡಿಯುತ್ತಿತ್ತು. ಮತ್ತೆ ಮೊದಲಿನಿಂದ. ಆಗ ನನಗೆ ಹೊಳೆಯಿತು: ಕಂಪ್ಯೂಟರಿನಲ್ಲಿದ್ದ ಗ್ರಾಫನ್ನು ಕಾಗದಕ್ಕೆ ತೆಗೆದು, ಆ ಕಾಗದವನ್ನು ಮತ್ತೆ ಕಂಪ್ಯೂಟರಿಗೆ ತುಂಬುವ ಈ ಸುತ್ತು ಯಾಕೆ? ನೇರವಾಗಿ ಉಳಿಸಿದರಾಯಿತಲ್ಲ.

ನೇರವಾಗಿ ಉಳಿಸಿದೆ. ಕಡತ ಮೊದಲಿಗಿಂತ ದೊಡ್ಡದಾಯಿತು. ತೆರೆದರೆ ಒಂದೊಂದೇ ಚುಕ್ಕಿ ಪರದೆಯ ಮೇಲೆ ನಿಧಾನಕ್ಕೆ ಬಂದು ಕೂರುತ್ತಿತ್ತು. ಸಾಹೇಬರು ಹಿಂದೆ ಕುರ್ಚಿ ಹಾಕಿಕೊಂಡು ಒಂದು ಚಹಾ ಮುಗಿಸಿದರು, ಎರಡನೆಯದು ತರಿಸಿದರು, ಚುಕ್ಕಿ ಇನ್ನೂ ಬರುತ್ತಿದ್ದವು.

ಕಾರಣ ಸರಳವಾಗಿತ್ತು. ನಮ್ಮ ರೋಲರುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆ. ಒಂದೇ ಜಾಗದಲ್ಲಿ ಐವತ್ತು ಅರವತ್ತು ಚುಕ್ಕಿ ಒಂದರ ಮೇಲೊಂದು ಕೂತಿರುತ್ತಿದ್ದವು. ಕಣ್ಣಿಗೆ ಕಾಣುವುದು ಒಂದು, ಕಡತದೊಳಗೆ ಅರವತ್ತೂ ಇರುತ್ತಿದ್ದವು. ಒಂದೊಂದು ಜಾಗದಲ್ಲೂ ಒಂದೊಂದನ್ನೇ ಉಳಿಸಿ ಮಿಕ್ಕವನ್ನು ತೆಗೆದುಹಾಕಿದೆ. ಕಡತ ಪುಟ್ಟದಾಯಿತು, ನೋಡಲು ಗ್ರಾಫ್ ಮೊದಲಿನಂತೆಯೇ ಇತ್ತು.

ಸಾಹೇಬರ ಹುಬ್ಬು ಮೇಲೇರಿತು. ಕನ್ನಡ ಶುರುವಾಯಿತು. ಸೋಲಾಪುರದವರು ಕೆಲಸ ನಿಲ್ಲಿಸಿದರು.

"ಚುಕ್ಕಿ ತಗದೀರಿ ಅಂದ್ರ ಮಾಲು ತಗದಂಗ. ಅರವತ್ತು ರೋಲರ್ ಮಾಡೀವಿ, ಒಂದ ತೋರಸ್ತೀರಿ. ಉಳದದ್ದು ಎಲ್ಲಿ ಹೋತು ಅಂತ ಕೇಳಿದ್ರ ಯಾರು ಹೇಳೋರು?"

"ಹಂಗಲ್ರಿ ಸಾಹೇಬ್ರ. ಹಣಿ ಮ್ಯಾಲ ಒಂದ ಜಾಗದಾಗ ಹತ್ತು ಸಲ ಕುಂಕುಮ ಹಚ್ಚಿದ್ರೂ ಕಾಣೋದು ಒಂದ ಬೊಟ್ಟು ಅಲ್ಲೇನ್ರಿ?"

ಸಾಹೇಬರು ಎದ್ದು ತಮ್ಮ ಟೇಬಲ್ಲಿಗೆ ಹೋದರು. ಕುಂಕುಮದ ಮಾತಿಗೆ ಎದುರು ಹೇಳುವುದು ಅವರಂಥ ದೈವಭಕ್ತರಿಗೆ ಕಷ್ಟ. ಗೆದ್ದೆ ಎಂದುಕೊಂಡು ಮನೆಗೆ ಹೋದೆ. ಮರುದಿನ ಬೆಳಿಗ್ಗೆ ನಾನು ಬರುವ ಮೊದಲೇ ಅವರು ನನ್ನ ಮೇಜಿನ ಹತ್ತಿರ ನಿಂತಿದ್ದರು.

"ಮನ್ಯಾಗ ಹಚ್ಚಿಸಿ ನೋಡಿದೆ. ಹತ್ತು ಸಲ ಹಚ್ಚಿದ್ರ ಬೊಟ್ಟು ದೊಡ್ಡದಾಗ್ತದ. ಮೂಗಿನ ಮ್ಯಾಲೂ ಉದರ್ತದ. ನೀವು ನನಗ ಸುಳ್ಳು ಹೇಳೀರಿ."

೫. ಆ ಎರಡು

ಹೀಗಾಗಿ ನನ್ನ ಉಪಾಯ ಮೂಲೆ ಸೇರಿತು. ಸಹಿ ಮಾಡಿದ ಕಾಗದವನ್ನೇ ಸ್ಕ್ಯಾನ್ ಮಾಡಿ, ಲೈನು ಕಡಿದಾಗಲೆಲ್ಲ ಮತ್ತೆ ಕಳಿಸುತ್ತ, ಇನ್ನೂ ಎರಡು ವರ್ಷ ದೂಡಿದೆ. ಅಷ್ಟರಲ್ಲಿ ಸಾಹೇಬರ ಮಗಳ ಮದುವೆ ನಿಕ್ಕಿಯಾಯಿತು. ಅವರು ಮೂರು ವಾರ ರಜೆ ಹಾಕಿ ಅಥಣಿಗೆ ಹೋದರು. ಹೋಗುವ ಮೊದಲು ತಮ್ಮ ಟೇಬಲ್ಲಿನ ಡ್ರಾವರಿಗೆ ಬೀಗ ಹಾಕಿ, ಬೀಗದ ಮೇಲೆ ಚೀಟಿ ಅಂಟಿಸಿ, ಚೀಟಿಯ ಮೇಲೆ ಸಹಿ ಮಾಡಿದ್ದರು.

ತಿಂಗಳ ಕೊನೆ ಬಂತು. ಸಹಿ ಮಾಡುವವರಿಲ್ಲ. ಪುಣೆಯ ಮುಖ್ಯ ಕಚೇರಿಯಲ್ಲಿ ಕೂರುತ್ತಿದ್ದ ಕಾರ್ಖಾನೆಯ ಮಾಲಕರಿಗೆ ಫೋನ್ ಮಾಡಿ ಕೇಳಿದೆ. ಅವರು ಮರಾಠಿಯಲ್ಲಿ, ಸಹಿಗಾಗಿ ಮಾಲು ಕಾಯುವುದಿಲ್ಲ, ಕಳಿಸಿಬಿಡಿ ಎಂದರು. ನಾನು ಗ್ರಾಫುಗಳನ್ನು ನೇರವಾಗಿ ಉಳಿಸಿ, ಮೇಲೆ ಮೇಲೆ ಕೂತ ಚುಕ್ಕಿಗಳನ್ನು ತೆಗೆದುಹಾಕಿ, ಪುಟ್ಟ ಕಡತ ಮಾಡಿ ಕಳಿಸಿದೆ. ಒಂದೇ ಸಲಕ್ಕೆ ಹೋಯಿತು. ಆ ದಿನ ನಾನು ಒಂದು ಲೋಕಲ್ ಮುಂಚೆಯೇ ಹಿಡಿದೆ.

ಸಾಹೇಬರು ವಾಪಸು ಬಂದ ವಾರದಲ್ಲೇ ಗಿರಾಕಿಯಿಂದ ಒಂದು ದಪ್ಪ ಲಕೋಟೆ ಬಂತು. ಹಿಂದಿನ ಒಂದು ವರ್ಷದ, ಪ್ರತಿ ತಿಂಗಳ ಕೊನೆಯ ಹಾಳೆಗಳನ್ನೆಲ್ಲ ಅವರು ಮುದ್ರಿಸಿ ಕಳಿಸಿದ್ದರು. ಪ್ರತಿಯೊಂದರಲ್ಲೂ ಕೆಳಗಿನ ಗೆರೆಯ ಕೆಳಗೆ, ಬಲಗಡೆ ಮೂಲೆಯಲ್ಲಿ ಎರಡು ಚುಕ್ಕಿ. ಸುತ್ತ ಕೆಂಪು ವೃತ್ತ. ಹೊಸ ತಿಂಗಳ ಹಾಳೆಯಲ್ಲಿ ಮಾತ್ರ ಏನೂ ಇಲ್ಲ. ಪತ್ರದ ಒಕ್ಕಣೆ ಹೀಗಿತ್ತು: ತಿಂಗಳ ಕೊನೆಯ ದಿನ, ಕೊನೆಯ ಪಾಳಿಯಲ್ಲಿ, ನಿಮ್ಮಲ್ಲಿ ಎರಡು ರೋಲರು ಕೆಡುವುದನ್ನು ನಾವು ವರ್ಷಗಳಿಂದ ನೋಡುತ್ತಿದ್ದೇವೆ. ಅದನ್ನು ಮುಚ್ಚಿಡದೆ ತೋರಿಸುತ್ತೀರೆಂದೇ ನಿಮ್ಮ ಮೇಲೆ ನಂಬಿಕೆ ಇಟ್ಟಿದ್ದೆವು. ಈ ಸಲ ಆ ಎರಡು ಎಲ್ಲಿ?

ಮಾಲಕರು ತಳೇಗಾಂವಕ್ಕೆ ಬಂದರು. ಅವರ ಕೋಣೆಯಲ್ಲಿ ವಿಚಾರಣೆ. ಮಾಲಕರು, ಸಾಹೇಬರು, ನಾನು. ಹೊರಗೆ ಬಾಗಿಲಿಗೆ ಆತುಕೊಂಡು ಗೇಟಿನ ಕಾಕಾ.

ಮಾಲಕರು ಹಾಳೆಗಳನ್ನು ಹರವಿ, ನಾನು ತೆಗೆದುಹಾಕಿದ ಚುಕ್ಕಿಗಳಲ್ಲಿ ಈ ಎರಡೂ ಹೋಗಿವೆಯೇ ಎಂದು ಕೇಳಿದರು. ಇಲ್ಲ ಎಂದೆ. ಒಂದು ಜಾಗದಲ್ಲಿ ಒಂದನ್ನಾದರೂ ಉಳಿಸದೆ ನಾನು ಯಾವುದನ್ನೂ ತೆಗೆಯುವುದಿಲ್ಲ.

"ಮತ್ತ ಎಲ್ಲಿ ಹೋದ್ವು?" ಸಾಹೇಬರು ನನ್ನ ಕಡೆ ತಿರುಗಿ ಕನ್ನಡದಲ್ಲೇ ಕೇಳಿದರು. "ನಾ ಇದ್ದಾಗ ಪ್ರತಿ ತಿಂಗಳು ಇದ್ವು. ನಾ ಮೂರು ವಾರ ಇಲ್ಲ ಅಂದ ಕೂಡ್ಲೆ ಹೋದ್ವು. ಮೊದಲು ಎಂಟು ಫ್ಲಾಪಿ ಹೋದ್ವು, ಆಮ್ಯಾಲ ಅರವತ್ತರಾಗ ಐವತ್ತೊಂಬತ್ತು ಚುಕ್ಕಿ ಹೋದ್ವು. ನಿಮ್ಮ ಕೈಯಾಗ ಏನೂ ಉಳಿಯೂದಿಲ್ಲ ನೋಡ್ರಿ ಬಾಯಾರ."

ಅಳತೆಯ ಅಂಕಿಗಳನ್ನು ಹಿಂದಿನ ದಿನವೆಲ್ಲ ಕೂತು ಒಂದೊಂದಾಗಿ ನೋಡಿದ್ದೆ. ವರ್ಷದಲ್ಲಿ ಒಂದು ರೋಲರೂ ಗೆರೆ ದಾಟಿರಲಿಲ್ಲ. ಆದರೆ ಕಾಗದದ ಮೇಲೆ ಚುಕ್ಕಿಗಳು ಕಣ್ಣಿಗೆ ಹೊಡೆದಂತೆ ಕಾಣುತ್ತಿದ್ದವು. ಹುಟ್ಟಿದಾಗಿನಿಂದ ಎಲ್ಲರ ಮೇಲೆ ಸಂಶಯಪಟ್ಟವಳು ನಾನು, ಆವತ್ತು ಮೊದಲ ಸಲ ನನ್ನ ಮೇಲೆ ನನಗೇ ಸಂಶಯ ಬಂತು. ನಾನೇ ಎಲ್ಲೋ ತಪ್ಪು ಗುಂಡಿ ಒತ್ತಿ ಎರಡು ಕೆಟ್ಟ ರೋಲರು ನುಂಗಿಬಿಟ್ಟೆನೇ? ನೌಕರಿ ಹೋದರೆ ಹೋಗಲಿ, ಕಳ್ಳಿ ಅನ್ನಿಸಿಕೊಂಡು ಹೋಗುವುದು ನನಗೆ ಸಾಧ್ಯವಿರಲಿಲ್ಲ.

ಮಾಲಕರು ನಿಟ್ಟುಸಿರು ಬಿಟ್ಟು, ನಡೆದದ್ದನ್ನು ಬರೆದುಕೊಡಿ ಎಂದು ಸಾಹೇಬರಿಗೆ ಹೇಳಿದರು. ಸಾಹೇಬರು ಬರೆದರು: ಈ ಬಾಯಿ ಗ್ರಾಫಿನಿಂದ ಎರಡು ಚುಕ್ಕಿ ತೆಗೆದಿದ್ದಾರೆ, ಇವರ ತಾತ್ಕಾಲಿಕ ನೇಮಕವನ್ನು ಮುಂದುವರಿಸಬಾರದು. ಮೂರೇ ಸಾಲು. ಕೆಳಗೆ ಅರ್ಧ ಹಾಳೆ ಖಾಲಿ ಉಳಿಯಿತು. ಖಾಲಿ ಜಾಗ ಬಿಡುವವರೇ ಅವರು? ನಟ್ಟನಡುವೆ ಸರ್ರನೆ ಸಹಿ, ಅದರ ಕೆಳಗೆ ಗೆರೆ, ಗೆರೆಯ ಕೆಳಗೆ ಟಕ್, ಟಕ್.

ಆ ಶಬ್ದ ನನ್ನ ತಲೆಯೊಳಗೆ ಆಯಿತು.

ನಾನು ಎದ್ದು, ಯಾರನ್ನೂ ಕೇಳದೆ, ವಿಭಾಗಕ್ಕೆ ಓಡಿ, ಕಪಾಟಿನಿಂದ ಆಫೀಸ್ ಕಾಪಿಯ ಫೈಲು ತಂದೆ. ಅದರಲ್ಲಿ ಸಾಹೇಬರ ಸಹಿಯಿದ್ದ ಅಸಲು ಹಾಳೆಗಳು ಇದ್ದವು. ಒಂದು ತಿಂಗಳ ಅಸಲು ಹಾಳೆ, ಅದೇ ತಿಂಗಳ ಗಿರಾಕಿಯ ಹಾಳೆ, ಎರಡನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಸಹಿಯ ಕೆಳಗಿನ ಎರಡು ಚುಕ್ಕಿ ಕೆಂಪು ವೃತ್ತದೊಳಗೆ ಸರಿಯಾಗಿ ಹೋಗಿ ಕೂತವು.

ಆಮೇಲೆ ನಿಧಾನಕ್ಕೆ ಎಲ್ಲ ಬಿಚ್ಚಿಕೊಂಡಿತು. ನಾನು ಕಡತ ಸಣ್ಣದಾಗಲೆಂದು ಬರೀ ಕಪ್ಪು ಬಿಳಿಯಲ್ಲಿ ಉಳಿಸುತ್ತಿದ್ದೆನಲ್ಲ, ಆಗ ತೆಳು ನೀಲಿ ಶಾಯಿಯ ಸಹಿ, ಅದರ ಕೆಳಗಿನ ಗೆರೆ, ಎರಡೂ ಬಿಳಿಯೊಳಗೆ ಕರಗಿಹೋಗುತ್ತಿದ್ದವು. ಒತ್ತಿ ಇಟ್ಟ ಚುಕ್ಕಿಗಳಲ್ಲಿ ಶಾಯಿ ದಟ್ಟ. ಅವೆರಡು ಮಾತ್ರ ಕಪ್ಪಾಗಿ ಉಳಿಯುತ್ತಿದ್ದವು, ಅದೂ ಕೆಟ್ಟ ರೋಲರು ಬೀಳುವ ಜಾಗದಲ್ಲಿ. ನನ್ನ ತಪ್ಪೂ ಇತ್ತು. ಇಷ್ಟು ವರ್ಷ ನಾನು ಕಡತದ ಗಾತ್ರ ನೋಡುತ್ತಿದ್ದೆ, ಚಿತ್ರ ನೋಡುತ್ತಿರಲಿಲ್ಲ. ಅದನ್ನು ಮಾಲಕರ ಮುಂದೆ ಹೇಳಿಯೂ ಹೇಳಿದೆ.

ಮಾಲಕರು ಹಾಳೆಗಳನ್ನು ಬೆಳಕಿಗೆ ಹಿಡಿದು ತಾವೂ ನೋಡಿದರು. ಆಮೇಲೆ ಸಾಹೇಬರ ಕಡೆ ತಿರುಗಿ ಮರಾಠಿಯಲ್ಲಿ ಶಾಂತವಾಗಿ ಹೇಳಿದ್ದು ಇಷ್ಟು: ಅಂದರೆ ಇಷ್ಟು ವರ್ಷ ನಮ್ಮ ಕಾರ್ಖಾನೆಯಲ್ಲಿ ಕೆಟ್ಟ ಮಾಲು ತಯಾರಾಗುತ್ತಿದ್ದದ್ದು ನಿಮ್ಮ ಪೆನ್ನಿನಲ್ಲಿ ಮಾತ್ರ.

ಬಾಗಿಲಾಚೆಯಿಂದ ಕಾಕಾನ ದನಿ ಬಂತು: "ಸಾಹೇಬ್ರ, ಆ ಪೆನ್ನು ಗೇಟಿನ ರಿಜಿಸ್ಟರಿನ್ಯಾಗ ಬರಸೀರೇನ್ರಿ?"

೬. ಪರ್ಮನೆಂಟ್

ಸಾಹೇಬರು ಕೆಟ್ಟವರಲ್ಲ. ಆ ಮೂರು ಸಾಲಿನ ಹಾಳೆಯನ್ನು ನನ್ನ ಮುಂದೆಯೇ ಹರಿದರು. ಹರಿದ ತುಂಡುಗಳನ್ನು ಯಾರಾದರೂ ಜೋಡಿಸಿಯಾರೆಂದು ಮತ್ತೆ ಸಣ್ಣಗೆ ಹರಿದರು. ಗಿರಾಕಿಗೆ ಇದ್ದದ್ದನ್ನು ಇದ್ದಂತೆ ಬರೆದೆವು. ಹದಿನೈದು ದಿನಕ್ಕೆ ನನ್ನನ್ನು ಕರೆದು ಒಂದು ಕಾಗದ ಕೊಟ್ಟರು. ಪರ್ಮನೆಂಟ್ ಆರ್ಡರು.

"ತಗೋರಿ ಬಾಯಾರ. ನನ್ನ ಕೈಲೆ ತಪ್ಪಾತು," ಅಂದರು. ಎಲ್ಲರ ಎದುರು ಕನ್ನಡದಲ್ಲಿ ಅವರು ಬೈಯದೆ ಆಡಿದ ಮೊದಲ ಮಾತು ಅದು. ಸೋಲಾಪುರದವರು ಕೂಡ ತಲೆ ತಗ್ಗಿಸಿ ಕೆಲಸ ಮಾಡಿದಂತೆ ನಟಿಸಿದರು. ಎಂಟು ವರ್ಷ ಕಾದ ಕಾಗದ ಕೈಯಲ್ಲಿ ಹಿಡಿದು ನನಗೆ ಅಳುವೇ ಬಂತು.

ಅದನ್ನು ಸಿಬ್ಬಂದಿ ವಿಭಾಗದಲ್ಲಿ ಕೊಟ್ಟು ಹೆಸರು ಬರೆಸಬೇಕಿತ್ತು. ಅಲ್ಲಿಯ ಗುಮಾಸ್ತರು ವಿಜಾಪುರದವರು, ಕನ್ನಡಕವನ್ನು ಹಣೆಗೇರಿಸಿ ಕಾಗದ ನೋಡಿದರು. ಆಮೇಲೆ ಕಪಾಟಿನಿಂದ ಅಧಿಕಾರಿಗಳ ಮಾದರಿ ಸಹಿಯ ಪುಸ್ತಕ ತೆಗೆದು ಪಕ್ಕದಲ್ಲಿಟ್ಟುಕೊಂಡರು.

"ಇದು ಸಾಹೇಬ್ರ ಸಹಿ ಅಲ್ಲರೀ."

"ಯಾಕ್ರಿ?"

"ಚುಕ್ಕಿ ಎಲ್ಲಿ ಅದಾವ? ಅವ್ರ ಸಹಿ ಕೆಳಗ ಎರಡು ಚುಕ್ಕಿ ಇರ್ತಾವ." ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಬಾಯಾರ, ಚುಕ್ಕಿ ತಗಿಯೂದರಾಗ ನಿಮ್ಮ ಕೈ ಭಾಳ ಹುಷಾರ ಅಂತ ಇಡೀ ತಳೇಗಾಂವಕ್ಕ ಗೊತ್ತದ."

ನೋಡಿದರೆ ಹೌದು. ಸರ್ರನೆ ಸಹಿ ಇತ್ತು, ಗೆರೆ ಇತ್ತು, ಕೆಳಗೆ ಚುಕ್ಕಿ ಇರಲಿಲ್ಲ. ಪಾಪ, ಸಾಹೇಬರು ಆ ದಿನದಿಂದ ಚುಕ್ಕಿ ಇಡುವುದನ್ನೇ ಬಿಟ್ಟಿದ್ದರು. ಕಾಗದ ಹಿಡಿದು ವಾಪಸು ಅವರ ಹತ್ತಿರ ಹೋದೆ.

"ಸಾಹೇಬ್ರ, ಚುಕ್ಕಿ ಇಲ್ಲಾಂದ್ರ ನನ್ನ ಪರ್ಮನೆಂಟ್ ಆಗೂದಿಲ್ಲಂತ್ರಿ."

ಸಾಹೇಬರು ಪೆನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ಕಾಗದವನ್ನೇ ನೋಡಿದರು. ಆಮೇಲೆ ಕಣ್ಣು ಮುಚ್ಚಿ ಟಕ್, ಟಕ್ ಎಂದು ಎರಡು ಇಟ್ಟರು. ನಾನು ಕೈ ಚಾಚಿದೆ. ಅವರು ಕೊಡಲಿಲ್ಲ. ಚುಕ್ಕಿಗಳ ಕೆಳಗೆ ಇನ್ನೂ ನಾಲ್ಕು ಬೆರಳು ಖಾಲಿ ಜಾಗ ಇತ್ತು. ಅಲ್ಲಿ ಸಣ್ಣ ಅಕ್ಷರದಲ್ಲಿ ಬರೆದರು: ಮೇಲಿನ ಎರಡು ಚುಕ್ಕಿಗಳು ಸಹಿಯವು, ಮಾಲಿನವು ಅಲ್ಲ. ಬರೆದದ್ದನ್ನು ಸಹಿಯಿಲ್ಲದೆ ಬಿಡುವುದು ಹೇಗೆ? ಅದರ ಕೆಳಗೆ ಸರ್ರನೆ ಸಹಿ ಮಾಡಿದರು, ಗೆರೆ ಎಳೆದರು, ಟಕ್, ಟಕ್.

ಆ ಕಾಗದ ಈಗಲೂ ನನ್ನ ಟ್ರಂ‌ಕಿನಲ್ಲಿದೆ. ಒಟ್ಟು ನಾಲ್ಕು ಕೆಟ್ಟ ರೋಲರುಗಳ ಬಲದ ಮೇಲೆ ನಾನು ಪರ್ಮನೆಂಟ್ ಆದೆ.